ಸ್ಕಾಲರ್‌ಶಿಪ್ ಮಾತುಕತೆ ಮುಗಿಯುವ ಮುನ್ನ ಲಾ ಸ್ಕೂಲ್ ಅರ್ಜಿ ಹಿಂಪಡೆಯಬಹುದೇ?

ಪ್ರಶ್ನೆ: ನಮ್ಮದು ನ್ಯೂಜೆರ್ಸಿಯ ಎಡಿಸನ್. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಕಾಲೇಜು ಮುಗಿಸಿ ಎರಡು ವರ್ಷ ಕೆಲಸ ಮಾಡಿ ಈ ಸಲ ಜೆಡಿಗೆ, ಅಂದರೆ ಮೂರು ವರ್ಷದ ಕಾನೂನು ಪದವಿಗೆ, ಅರ್ಜಿ ಹಾಕಿದ್ದಾಳೆ. ಲಾ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನಲ್ಲಿ 168, ಕಾಲೇಜಿನ ಜಿಪಿಎ 3.82. ಹನ್ನೊಂದು ಕಡೆ ಹಾಕಿದ್ದಳು. ಆರು ಕಡೆ ಸೀಟು ಸಿಕ್ಕಿದೆ, ಎರಡು ಕಡೆ ಇಲ್ಲ ಅಂದರು, ಒಂದು ವೇಯ್ಟ್‌ಲಿಸ್ಟ್, ಎರಡರಿಂದ ಸುದ್ದಿಯೇ ಇಲ್ಲ. ಅವಳಿಗೆ ಮನಸ್ಸಿರುವ ಶಾಲೆ ಟ್ಯೂಷನ್ 76,000 ಡಾಲರಿಗೆ ವರ್ಷಕ್ಕೆ 25,000 ಸ್ಕಾಲರ್‌ಶಿಪ್ ಕೊಟ್ಟಿದೆ, ಡೆಪಾಸಿಟ್ ಕಟ್ಟಲು ಮೇ 1ರವರೆಗೆ ಸಮಯ. ಅದರ ಸರಿಸಮಾನ ಅನ್ನಬಹುದಾದ ಇನ್ನೊಂದು 72,000ಕ್ಕೆ 40,000 ಕೊಟ್ಟಿದೆ, ಆದರೆ ಏಪ್ರಿಲ್ 15ಕ್ಕೇ ಉತ್ತರ ಬೇಕಂತೆ. ಶ್ರೇಣಿಯಲ್ಲಿ ಕೆಳಗಿರುವ ಒಂದು ಪೂರ್ತಿ ಟ್ಯೂಷನ್ ಬಿಟ್ಟಿದೆ, ಆದರೆ ಪ್ರತಿ ವರ್ಷ ಕ್ಲಾಸಿನ ಮೇಲಿನ ಅರ್ಧದಲ್ಲಿ ಇರಬೇಕಂತೆ. ನಮ್ಮ ರಾಜ್ಯದ ಸರ್ಕಾರಿ ಲಾ ಸ್ಕೂಲು 28,000 ಟ್ಯೂಷನ್‌ನಲ್ಲಿ 10,000 ಬಿಟ್ಟಿದೆ, ಮನೆಯಿಂದಲೇ ಓಡಾಡಬಹುದು. ಉಳಿದ ಎರಡು ಬಿಡಿಗಾಸೂ ಕೊಟ್ಟಿಲ್ಲ, ದೂರ ಬೇರೆ.

ಮಗಳು ‘ಹೋಗದ ಕಡೆ ಸೀಟು ಹಿಡ್ಕೊಂಡು ಕೂರೋದು ಸರಿಯಲ್ಲ, ಪೂರ್ತಿ ಟ್ಯೂಷನ್ ಕೊಟ್ಟದ್ದೂ ಸೇರಿ ಮೂರನ್ನ ಇವತ್ತೇ ವಿತ್‌ಡ್ರಾ ಮಾಡ್ತೀನಿ’ ಅಂತಾಳೆ. ನಮ್ಮ ಯಜಮಾನರು ‘ಕೊನೇತನಕ ಎಲ್ಲ ಕಡೆ ಟವೆಲ್ ಹಾಕಿರ್ಲಿ, ಬಿಟ್ರೆ ಬೆಲೆ ಇರಲ್ಲ’ ಅಂತಾರೆ. ಜಾಸ್ತಿ ಕೇಳಿದರೆ ಇರೋ ಸೀಟೂ ಹೋಗುತ್ತೆ ಅಂತ ಪರಿಚಯದವರು ಹೆದರಿಸಿದ್ದಾರೆ. ಎರಡು ಕಡೆ ಡೆಪಾಸಿಟ್ ಕಟ್ಟಿಬಿಡೋಣವಾ ಅನ್ನುವ ಮಾತೂ ಬಂದಿದೆ. ಈಗ ಮಾರ್ಚ್ ಕೊನೆ. ಯಾವುದನ್ನು ಯಾವಾಗ ಬಿಡಬೇಕು?

ಉತ್ತರ: ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಶಾಲೆಗಳಿಗೆ ಅಕ್ಷರ ಇಡುತ್ತೇನೆ. ಮಗಳ ಮನಸ್ಸಿನದು ‘ಕ’, 40,000 ಕೊಟ್ಟದ್ದು ‘ಖ’, ಪೂರ್ತಿ ಟ್ಯೂಷನ್ನಿನದು ‘ಗ’, ರಾಜ್ಯದ್ದು ‘ಘ’, ಏನೂ ಕೊಡದ ಎರಡು ‘ಚ’ ಮತ್ತು ‘ಛ’, ವೇಯ್ಟ್‌ಲಿಸ್ಟಿನದು ‘ಜ’.

ನಿಮ್ಮ ಮನೆಯ ಜಗಳದಲ್ಲಿ ಇಬ್ಬರೂ ಅರ್ಧರ್ಧ ಸರಿ. ‘ಚ’ ಮತ್ತು ‘ಛ’ ವಿಷಯದಲ್ಲಿ ಮಗಳು ಸರಿ, ಅವನ್ನು ಇವತ್ತೇ ಬಿಡಬಹುದು. ‘ಗ’ ವಿಷಯದಲ್ಲಿ ಯಜಮಾನರು ಸರಿ, ಆದರೆ ಅವರು ಹೇಳುವ ಕಾರಣಕ್ಕಲ್ಲ.

ಹಿಡಿದಿಟ್ಟುಕೊಂಡ ಪ್ರತಿ ಸೀಟಿಗೂ ಒಂದು ಕೆಲಸ ಇರಬೇಕು. ಅಂಥ ಕೆಲಸಗಳು ಮೂರೇ. ಅಲ್ಲಿಗೆ ನಿಜವಾಗಿ ಹೋಗುವ ಸಾಧ್ಯತೆ ಇರಬೇಕು. ಇಲ್ಲವೇ ಹೋಗಬೇಕೆಂದಿರುವ ಶಾಲೆಯ ಮುಂದೆ ಅದರ ಆಫರ್ ಪತ್ರ ಇಟ್ಟು ಮಾತಾಡುವಂತಿರಬೇಕು. ಅದೂ ಅಲ್ಲದಿದ್ದರೆ ಮಿಕ್ಕದ್ದೆಲ್ಲ ಕೆಟ್ಟರೆ ಆಸರೆಯಾಗುವಂತಿರಬೇಕು. ಮೂರರಲ್ಲಿ ಒಂದೂ ಹೊಂದದ ಸೀಟನ್ನು ಕೊನೆಯವರೆಗೆ ಇಟ್ಟುಕೊಂಡರೂ ಒಂದು ಡಾಲರ್ ಹುಟ್ಟುವುದಿಲ್ಲ. ಹಾಗಾಗಿ ಹಿಂಪಡೆಯುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಲು ಬರುವುದಿಲ್ಲ. ಆ ಸೀಟಿನ ಕೆಲಸ ಮುಗಿದ ದಿನವೇ ಅದನ್ನು ಬಿಡುವ ದಿನ.

ಕೇಳಿದರೆ ಸೀಟು ಹೋಗುತ್ತದೆ ಎಂಬ ಹೆದರಿಕೆಯನ್ನು ಮೊದಲು ಬಿಡಿ. ಅಮೆರಿಕದ ಲಾ ಸ್ಕೂಲುಗಳಲ್ಲಿ ಸ್ಕಾಲರ್‌ಶಿಪ್ ಮರುಪರಿಶೀಲನೆ ದಿನನಿತ್ಯದ ವ್ಯವಹಾರ. ಬಹಳ ಕಡೆ ಅದಕ್ಕೆಂದೇ ಫಾರಂ ಇದೆ, ಬೇರೆ ಶಾಲೆಯ ಪತ್ರ ಲಗತ್ತಿಸಲು ಜಾಗವೂ ಇದೆ. ಮರುಪರಿಶೀಲನೆ ಮಾಡುವುದಿಲ್ಲ ಎಂದು ಮೊದಲೇ ಹೇಳಿಬಿಡುವ ಶಾಲೆಗಳಿವೆ, ಒಂದೇ ಸಲ ಕೇಳಬಹುದು ಎನ್ನುವವೂ ಇವೆ. ಮರ್ಯಾದೆಯಿಂದ ಕೇಳಿದ್ದಕ್ಕೆ ಕೊಟ್ಟ ಸೀಟನ್ನು ಕಿತ್ತುಕೊಳ್ಳುವುದಿಲ್ಲ. ಸೀಟು ಕಳೆದುಕೊಳ್ಳುವ ದಾರಿಗಳು ಬೇರೆ: ಇನ್ನೊಂದು ಶಾಲೆಯ ಪತ್ರದಲ್ಲಿ ಅಂಕಿ ತಿದ್ದುವುದು, ಇಲ್ಲದ ಆಫರನ್ನು ಇದೆ ಎನ್ನುವುದು, ಅರ್ಲಿ ಡಿಸಿಷನ್‌ನಲ್ಲಿ (ಸೀಟು ಸಿಕ್ಕರೆ ಖಂಡಿತ ಬರುತ್ತೇನೆ ಎಂದು ಮೊದಲೇ ಒಪ್ಪಿ ಹಾಕುವ ಅರ್ಜಿ) ಕೊಟ್ಟ ಮಾತು ಮುರಿಯುವುದು, ಡೆಪಾಸಿಟ್ ಷರತ್ತು ಮೀರುವುದು. ಅದರಲ್ಲೂ ಪತ್ರ ತಿದ್ದಿದ್ದು ಸಿಕ್ಕಿಬಿದ್ದರೆ ಆ ಒಂದು ಶಾಲೆಗೇ ಮುಗಿಯುವುದಿಲ್ಲ. ಅರ್ಜಿಗಳನ್ನು ನಿರ್ವಹಿಸುವ ಎಲ್‌ಎಸ್‌ಎಸಿಯಲ್ಲಿ ದುರ್ನಡತೆಯ ವಿಚಾರಣೆ ನಡೆಯುತ್ತದೆ. ಮುಂದೆ ಬಾರ್ ಪ್ರವೇಶಕ್ಕೆ, ಅಂದರೆ ವಕೀಲಿಕೆಯ ಪರವಾನಗಿಗೆ, ನಡತೆಯ ಪರಿಶೀಲನೆ ಆಗುವಾಗಲೂ ಅದು ಎದುರಿಗೆ ಬರುತ್ತದೆ. ವಕೀಲಿಕೆ ಶುರುವಾಗುವ ಮೊದಲೇ ಕಳಂಕ ಹೊತ್ತಂತೆ.

ಶಾಲೆ ದುಡ್ಡು ಯಾಕೆ ಕೊಡುತ್ತದೆ ಎಂಬುದು ತಿಳಿದರೆ ಯಾರ ಮುಂದೆ ಯಾವ ಪತ್ರ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. ಶಾಲೆಯ ಕಣ್ಣಿರುವುದು ಒಳಬರುವ ಕ್ಲಾಸಿನ ಎಲ್‌ಸ್ಯಾಟ್ ಮತ್ತು ಜಿಪಿಎಯ ಮಧ್ಯಾಂಕದ (ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಇರುವ ಅಂಕಿ) ಮೇಲೆ, ಯಾಕೆಂದರೆ ರ್‍ಯಾಂಕಿಂಗ್‌ನಲ್ಲಿ ಅದಕ್ಕೆ ಲೆಕ್ಕವಿದೆ. ಆ ಮಧ್ಯಾಂಕವನ್ನು ಎತ್ತಿಹಿಡಿಯುವ ವಿದ್ಯಾರ್ಥಿಗೆ ದುಡ್ಡು ಹೋಗುತ್ತದೆ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ 509ನೇ ಮಾನದಂಡದಂತೆ ಪ್ರತಿ ಶಾಲೆಯೂ ವರ್ಷವರ್ಷ ಡಿಸೆಂಬರ್ 15ರ ಹೊತ್ತಿಗೆ ಒಂದು ವರದಿ ಹಾಕಬೇಕು. ಎಲ್‌ಸ್ಯಾಟ್ ಮತ್ತು ಜಿಪಿಎಯ 25, 50, 75ನೇ ಪರ್ಸೆಂಟೈಲ್, ಸ್ಕಾಲರ್‌ಶಿಪ್ ಮೊತ್ತಗಳ 25, 50, 75ನೇ ಪರ್ಸೆಂಟೈಲ್, ಎಷ್ಟು ಜನರಿಗೆ ಅರ್ಧ ಟ್ಯೂಷನ್ನಿಗಿಂತ ಕಡಿಮೆ, ಎಷ್ಟು ಜನರಿಗೆ ಪೂರ್ತಿ, ಎಲ್ಲವೂ ಅದರಲ್ಲಿ ಸಿಗುತ್ತದೆ. ‘ಕ’ದ ವರದಿ ತೆಗೆದು 168 ಮತ್ತು 3.82 ಎಲ್ಲಿ ಬೀಳುತ್ತವೆ ನೋಡಿ. ಎರಡೂ ಮಧ್ಯಾಂಕಕ್ಕಿಂತ ಮೇಲಿದ್ದು, ಕೊಟ್ಟ 25,000 ಅಲ್ಲಿನ ಮಧ್ಯದ ಸ್ಕಾಲರ್‌ಶಿಪ್ಪಿಗಿಂತ ಕೆಳಗಿದ್ದರೆ ಕೇಳಲು ಜಾಗವಿದೆ. ಎರಡೂ ಮಧ್ಯಾಂಕಕ್ಕಿಂತ ಕೆಳಗಿದ್ದರೆ, ಆ 25,000 ಕೊಟ್ಟಿರುವುದೇ ಅವರ ಧಾರಾಳ. ಆಗ ಎಷ್ಟೇ ಚೆಂದದ ಇಮೇಲ್ ಬರೆದರೂ ಹೆಚ್ಚು ಅಲುಗಾಡುವುದಿಲ್ಲ.

ಶಾಲೆಗಳು ತಮ್ಮ ಬಜೆಟ್ಟಿಗಿಂತ ಹೆಚ್ಚು ಸ್ಕಾಲರ್‌ಶಿಪ್ ಹಂಚುತ್ತವೆ, ಕೊಟ್ಟವರಲ್ಲಿ ಒಂದು ಪಾಲು ಬರುವುದಿಲ್ಲ ಎಂಬ ಅಂದಾಜಿನ ಮೇಲೆ. ಬಾರದವರು ‘ಬರುವುದಿಲ್ಲ’ ಎಂದು ಹೇಳಿದಾಗ ಆ ಮೊತ್ತ ಮತ್ತೆ ಕೈಗೆ ಬರುತ್ತದೆ, ಮರುಪರಿಶೀಲನೆಗೆ ಕೂತವರಿಗೆ ಅದರಿಂದಲೇ ಕೊಡುತ್ತಾರೆ. ಮಾರ್ಚ್ ಕೊನೆಯಲ್ಲಿ ಬಿಟ್ಟ ದುಡ್ಡು ಇನ್ನೊಬ್ಬರಿಗೆ ಸಿಗುವ ಸಂಭವ ಹೆಚ್ಚು, ಜೂನ್‌ನಲ್ಲಿ ಬಿಟ್ಟದ್ದು ಬಹುಪಾಲು ವ್ಯರ್ಥ. ನಿಮ್ಮ ಮಗಳು ‘ಸರಿಯಲ್ಲ’ ಎಂದಾಗ ಅವಳ ಮನಸ್ಸಿನಲ್ಲಿದ್ದದ್ದು ಇದೇ ಇರಬಹುದು. ಆದರೆ ‘ಚ’, ‘ಛ’ ಅವಳಿಗೆ ದುಡ್ಡೇ ಕೊಟ್ಟಿಲ್ಲ. ಅಲ್ಲಿ ಖಾಲಿಯಾಗುವುದು ಸೀಟು ಮಾತ್ರ, ವೇಯ್ಟ್‌ಲಿಸ್ಟಿನಲ್ಲಿರುವ ಯಾರಿಗೋ ಅದು ಬೇಕು.

ಒಂದು ಶಾಲೆಯ ಪತ್ರ ಇನ್ನೊಂದರ ಮೇಲೆ ಕೆಲಸ ಮಾಡಬೇಕಾದರೆ ಎರಡೂ ಒಂದೇ ಮಟ್ಟದವಾಗಿರಬೇಕು. ‘ಕ’ದ ಪ್ರವೇಶ ಕಚೇರಿ ತಾನು ಯಾರಿಗೆ ವಿದ್ಯಾರ್ಥಿಗಳನ್ನು ಕಳೆದುಕೊಳ್ಳುತ್ತಿದೆ ಎಂದು ಚೆನ್ನಾಗಿ ಬಲ್ಲದು. ‘ಖ’ದ 40,000 ಅವರಿಗೆ ನಾಟುತ್ತದೆ. ‘ಗ’ದ ಪೂರ್ತಿ ಟ್ಯೂಷನ್ ನೋಡಿ ‘ಹೌದು, ಅಂಥ ಶಾಲೆಗಳು ಕೊಡುತ್ತವೆ’ ಎಂದು ಪಕ್ಕಕ್ಕಿಡುತ್ತಾರೆ. ಆದರೆ ‘ಗ’ ಮತ್ತು ‘ಘ’ ಒಂದೇ ಮಟ್ಟದವಾಗಿದ್ದರೆ ‘ಗ’ದ ಪತ್ರದ ನಿಜವಾದ ಜಾಗ ಅಲ್ಲಿದೆ. ‘ಘ’ಕ್ಕೆ ಬರೆದು, ಪೂರ್ತಿ ಟ್ಯೂಷನ್ನಿನ ಆಫರ್ ಇದೆ, ನನಗೆ ನಿಮ್ಮಲ್ಲೇ ಓದುವ ಇಷ್ಟ, 10,000ವನ್ನು ಹೆಚ್ಚಿಸಬಹುದೇ ಎಂದು ಕೇಳಬಹುದು. ಅದಕ್ಕೇ ‘ಗ’ವನ್ನು ಇವತ್ತು ಬಿಡಬೇಡಿ ಎಂದದ್ದು. ‘ಘ’ದಿಂದ ಲಿಖಿತ ಉತ್ತರ ಬಂದ ದಿನ ‘ಗ’ದ ಕೆಲಸ ಮುಗಿಯಿತು. ಕೆಲವು ಶಾಲೆಗಳು ಮರುಪರಿಶೀಲನೆಯ ಫಾರಂನಲ್ಲೇ ‘ಆ ಆಫರ್ ಈಗಲೂ ಊರ್ಜಿತದಲ್ಲಿದೆಯೇ’ ಎಂದು ಕೇಳುತ್ತವೆ. ಬಿಟ್ಟ ಸೀಟಿನ ಪತ್ರ ತೋರಿಸಿ ‘ಹೌದು’ ಎಂದರೆ ಅದು ಸುಳ್ಳಾಗುತ್ತದೆ.

‘ಗ’ದ ಷರತ್ತಿನ ಬಗ್ಗೆ ಎರಡು ಮಾತು, ಯಾಕೆಂದರೆ ‘ಪೂರ್ತಿ ಫ್ರೀ’ ಎಂದು ನೆಂಟರೆಲ್ಲ ಹೇಳುವುದು ಇದನ್ನೇ. ಲಾ ಸ್ಕೂಲಿನ ಮೊದಲ ವರ್ಷದ ಅಂಕಗಳು ಕರ್ವ್ ಮೇಲೆ ಬರುತ್ತವೆ: ಎಷ್ಟು ಓದಿದಿರಿ ಎಂಬುದಕ್ಕಿಂತ ಪಕ್ಕದವರಿಗಿಂತ ಎಷ್ಟು ಚೆನ್ನಾಗಿ ಬರೆದಿರಿ ಎಂಬುದೇ ಲೆಕ್ಕ. ಕ್ಲಾಸಿನಲ್ಲಿ 200 ಜನ, ಅವರಲ್ಲಿ 120 ಜನರಿಗೆ ‘ಮೇಲಿನ ಅರ್ಧದಲ್ಲಿರಬೇಕು’ ಎಂಬ ಷರತ್ತಿನ ಸ್ಕಾಲರ್‌ಶಿಪ್ ಕೊಟ್ಟಿದ್ದಾರೆ ಎಂದುಕೊಳ್ಳಿ. ಮೇಲಿನ ಅರ್ಧದಲ್ಲಿ ಇರುವ ಜಾಗ 100. ಎಲ್ಲರೂ ಹಗಲುರಾತ್ರಿ ಓದಿದರೂ ಕನಿಷ್ಠ 20 ಜನ ದುಡ್ಡು ಕಳೆದುಕೊಳ್ಳಲೇಬೇಕು. ಷರತ್ತಿನ ಸ್ಕಾಲರ್‌ಶಿಪ್ ಪಡೆದವರೆಷ್ಟು, ಅವರಲ್ಲಿ ಕಡಿತವಾದದ್ದು ಅಥವಾ ರದ್ದಾದದ್ದು ಎಷ್ಟು ಜನರಿಗೆ ಎಂಬ ಕೋಷ್ಟಕವೂ 509 ವರದಿಯಲ್ಲಿದೆ, ಅದನ್ನು ನೋಡದೆ ‘ಗ’ದ ಬೆಲೆ ಕಟ್ಟಬೇಡಿ. ‘ಗ’ವನ್ನು ಆಸರೆಯಾಗಿ ಇಟ್ಟುಕೊಳ್ಳುವ ಮನಸ್ಸಿದ್ದರೆ ದುಡ್ಡು ಹೆಚ್ಚಿಸಿ ಎನ್ನುವುದಕ್ಕಿಂತ ಷರತ್ತನ್ನು ‘ಗುಡ್ ಸ್ಟ್ಯಾಂಡಿಂಗ್’ಗೆ ಇಳಿಸಿ, ಅಂದರೆ ಕಾಲೇಜಿನಿಂದ ಹೊರಬೀಳದಷ್ಟು ಅಂಕವಿದ್ದರೆ ಸಾಕು ಎಂದು ಮಾಡಿ ಎಂದು ಕೇಳುವುದೇ ಹೆಚ್ಚು ಲಾಭ. ಮೊತ್ತ ಏರಿಸಲು ಒಪ್ಪದವರೂ ಇದಕ್ಕೆ ಒಪ್ಪುವುದುಂಟು.

ಈಗ ‘ಕ’ಕ್ಕೆ ಎಷ್ಟು ಕೇಳಬೇಕು ಎಂಬ ಪ್ರಶ್ನೆ. ‘ಖ’ 40,000 ಕೊಟ್ಟಿದೆ, ನೀವೂ ಕೊಡಿ ಎಂದರೆ ಅದು ಬೇರೆಯವರ ಅಂಕಿ. ನಿಮ್ಮ ಮನೆಯ ಅಂಕಿಯಿಂದ ಹೊರಡಿ. ಊಟ, ಬಾಡಿಗೆ, ಪುಸ್ತಕ, ಆರೋಗ್ಯ ವಿಮೆಗೆ ‘ಕ’ ಇರುವ ಊರಲ್ಲಿ ವರ್ಷಕ್ಕೆ 28,000, ‘ಖ’ ಇರುವಲ್ಲಿ 24,000 ಎಂದಿಟ್ಟುಕೊಳ್ಳೋಣ. ಮೊದಲ ವರ್ಷ ‘ಕ’ಕ್ಕೆ 76,000ದಲ್ಲಿ 25,000 ಕಳೆದು 51,000, ಖರ್ಚು ಸೇರಿ 79,000. ‘ಖ’ಕ್ಕೆ 32,000 ಜೊತೆ 24,000, ಒಟ್ಟು 56,000. ಇಲ್ಲಿಗೆ ವ್ಯತ್ಯಾಸ 23,000 ಎಂದು ಮೂರರಿಂದ ಗುಣಿಸಿ ಬಿಡುವುದು ಸಾಮಾನ್ಯ. ಆದರೆ ಟ್ಯೂಷನ್ ಪ್ರತಿ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಮಾತ್ರ ಹೆಚ್ಚಿನ ಕಡೆ ನಿಂತ ಅಂಕಿ. ವರ್ಷಕ್ಕೆ ಶೇ 4ರ ಏರಿಕೆ ಹಿಡಿದರೆ ‘ಕ’ದ ಮೂರು ವರ್ಷದ ಟ್ಯೂಷನ್ 2,28,000 ಆಗುವ ಬದಲು ಸುಮಾರು 2,37,200 ಆಗುತ್ತದೆ. ಆ 9,200 ಪೂರ್ತಿ ನಿಮ್ಮ ತಲೆ ಮೇಲೆ. ಅದಕ್ಕೇ ಕೇಳುವಾಗ, ಮೊತ್ತ ಏರಿಸಲು ಆಗದಿದ್ದರೆ ಸ್ಕಾಲರ್‌ಶಿಪ್ಪನ್ನು ಡಾಲರಿನ ಬದಲು ಟ್ಯೂಷನ್ನಿನ ಶೇಕಡಾವಾರಿನಲ್ಲಿ ಕೊಡಲು ಸಾಧ್ಯವೇ ಎಂದು ಒಂದು ಸಾಲು ಸೇರಿಸಿದರೆ ನಷ್ಟವಿಲ್ಲ.

ಈ ವರ್ಷದಿಂದ ಇನ್ನೊಂದು ಗೋಡೆ ಎದ್ದಿದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರಾಡ್ ಪ್ಲಸ್ ಸಾಲ ಇಲ್ಲ. ಮೊದಲೆಲ್ಲ ಶಾಲೆ ಹೇಳಿದ ಒಟ್ಟು ಖರ್ಚಿನವರೆಗೂ ಕೇಂದ್ರ ಸರ್ಕಾರವೇ ಸಾಲ ಕೊಡುತ್ತಿತ್ತು. ಈಗ ಕಾನೂನಿನಂಥ ವೃತ್ತಿಪರ ಪದವಿಗೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರಿನ ಮಿತಿ. ‘ಕ’ದ 79,000ದಲ್ಲಿ 29,000 ಖಾಸಗಿ ಸಾಲದಿಂದಲೋ ನಿಮ್ಮ ಉಳಿತಾಯದಿಂದಲೋ ಬರಬೇಕು. ‘ಖ’ದಲ್ಲಿ ಅದು 6,000 ಮಾತ್ರ. ಖಾಸಗಿ ಸಾಲಕ್ಕೆ ಸಹಿ ಹಾಕಬೇಕಾದವರು ಬಹುಶಃ ನೀವೇ, ಸರ್ಕಾರಿ ಸಾಲದಲ್ಲಿರುವ ಆದಾಯಕ್ಕೆ ತಕ್ಕ ಮರುಪಾವತಿಯ ಅನುಕೂಲವೂ ಅದರಲ್ಲಿಲ್ಲ. ಮನೆಯಿಂದ ವರ್ಷಕ್ಕೆ 15,000 ಕೊಡಲು ಸಾಧ್ಯ ಎಂದಾದರೆ ‘ಕ’ ನಿಮಗೆ ದಕ್ಕಬೇಕಾದರೆ ಇನ್ನೂ 14,000 ಬೇಕು, ಅಂದರೆ ಸ್ಕಾಲರ್‌ಶಿಪ್ 39,000ಕ್ಕೆ ಮುಟ್ಟಬೇಕು. ಇದು ಕಾರಣವಿರುವ ಅಂಕಿ. ‘ಖ’ದ ಪತ್ರ ಇದು ಹುಚ್ಚು ಬೇಡಿಕೆಯಲ್ಲ ಎಂಬುದಕ್ಕೆ ಪುರಾವೆ.

ಪತ್ರ ಮಗಳೇ ಬರೆಯಬೇಕು, ಅವಳ ಇಮೇಲ್‌ನಿಂದಲೇ ಹೋಗಬೇಕು. ನೀವಾಗಲಿ ಯಜಮಾನರಾಗಲಿ ಕಚೇರಿಗೆ ಫೋನ್ ಮಾಡಬೇಡಿ. ಮೂರು ವರ್ಷದಲ್ಲಿ ಕಕ್ಷಿದಾರರ ಪರ ಮಾತಾಡಬೇಕಾದವಳ ಪರವಾಗಿ ತಂದೆತಾಯಿ ಚೌಕಾಸಿ ಮಾಡಿದರೆ ಕಚೇರಿಯಲ್ಲಿ ಬೇರೆ ರೀತಿಯ ನೆನಪು ಉಳಿಯುತ್ತದೆ. ಒಂದು ಪುಟ ತುಂಬದ ಇಮೇಲ್ ಸಾಕು. ಧನ್ಯವಾದ, ‘ಕ’ವೇ ಯಾಕೆ ಎಂಬುದಕ್ಕೆ ಒಂದೆರಡು ನಿಜವಾದ ಕಾರಣ, ಉದಾಹರಣೆಗೆ ವಿದ್ಯಾರ್ಥಿಗಳು ನಿಜವಾದ ಕೇಸು ನೋಡುವ ಇಂಥ ಲೀಗಲ್ ಕ್ಲಿನಿಕ್, ಇಂಥ ಊರಿನ ಕೋರ್ಟುಗಳಲ್ಲಿ ಕೆಲಸ ಮಾಡುವ ಆಸೆ, ‘ಖ’ದ ಆಫರ್, ಪತ್ರದ ಪಿಡಿಎಫ್, ಬೇಕಾದ ಅಂಕಿ, ಅದು ಹೇಗೆ ಬಂತು ಎಂಬ ಎರಡು ಸಾಲು, ‘ಖ’ದ ಗಡುವು ಏಪ್ರಿಲ್ 15, ಹಾಗಾಗಿ 10ರೊಳಗೆ ತಿಳಿಸಲು ಸಾಧ್ಯವಾದರೆ ಉಪಕಾರ ಎಂಬ ವಿನಂತಿ. ‘ಇಷ್ಟು ಕೊಡದಿದ್ದರೆ ಬರುವುದಿಲ್ಲ’ ಎಂಬ ಧಾಟಿ ಬೇಡ. ಎಲ್‌ಎಸ್‌ಎಸಿ ಖಾತೆ ಸಂಖ್ಯೆ, ಅಂದರೆ ಎಲ್ ಅಕ್ಷರದಿಂದ ಶುರುವಾಗುವ ನಂಬರು, ಕೆಳಗೆ ಇರಲಿ. ಶಾಲೆಗೆ ಫಾರಂ ಇದ್ದರೆ ಫಾರಂನಲ್ಲೇ ಹೋಗಬೇಕು, ಇಮೇಲ್ ಬೇರೆ ಬೇಡ.

ಒಂದು ವಾಕ್ಯ ಮಾತ್ರ ಬಹಳ ಯೋಚಿಸಿ ಬರೆಯುವಂಥದ್ದು: ‘39,000 ಆದರೆ ಮಿಕ್ಕ ಅರ್ಜಿಗಳನ್ನು ಹಿಂಪಡೆದು ಕೂಡಲೇ ಡೆಪಾಸಿಟ್ ಕಟ್ಟುತ್ತೇನೆ.’ ಈ ಮಾತಿಗೆ ಬಲವಿದೆ. ಬರುತ್ತಾರೋ ಇಲ್ಲವೋ ಎಂದು ಗೊತ್ತಿಲ್ಲದವರಿಗೆ ದುಡ್ಡು ಕಟ್ಟಿಡುವುದಕ್ಕಿಂತ ಖಂಡಿತ ಬರುವವರಿಗೆ ಕೊಡುವುದು ಕಚೇರಿಗೂ ಹಿತ. ಆದರೆ ಇದನ್ನು ಒಂದೇ ಶಾಲೆಗೆ ಹೇಳಬೇಕು, ಹೇಳಿದ ಮೇಲೆ ನಡೆಯಬೇಕು. ಲಾ ಸ್ಕೂಲುಗಳ ಪ್ರವೇಶ ಕಚೇರಿಗಳವರು ಒಬ್ಬರಿಗೊಬ್ಬರು ಪರಿಚಿತರು.

ಉತ್ತರ ಹೇಗೆಲ್ಲ ಬರಬಹುದು? ‘ಕ’ ಏಪ್ರಿಲ್ 10ರೊಳಗೆ 39,000ವೋ ಅದರ ಹತ್ತಿರವೋ ಕೊಟ್ಟರೆ ಪರಿಷ್ಕೃತ ಪತ್ರ ಕೈಗೆ ಬರುವವರೆಗೆ ಏನನ್ನೂ ಹಿಂಪಡೆಯಬೇಡಿ. ಫೋನಿನಲ್ಲಿ ಹೇಳಿದ ಮೊತ್ತಕ್ಕೆ ಬೆಲೆಯಿಲ್ಲ. ಪತ್ರದಲ್ಲಿ ನೋಡಬೇಕಾದದ್ದು: ಮೂರು ವರ್ಷಕ್ಕೂ ಅನ್ವಯವೇ, ಮುಂದುವರಿಯಲು ಷರತ್ತೇನು, ಬೇರೆ ಸಹಾಯಧನ ಸಿಕ್ಕರೆ ಇದನ್ನು ಕಡಿಮೆ ಮಾಡುತ್ತಾರೆಯೇ, ಪ್ರವೇಶವನ್ನು ಒಂದು ವರ್ಷ ಮುಂದೂಡಿದರೆ ಸ್ಕಾಲರ್‌ಶಿಪ್ ಉಳಿಯುತ್ತದೆಯೇ. ಇವು ಸರಿಯಿದ್ದರೆ ಮೊದಲು ಡೆಪಾಸಿಟ್, ರಸೀದಿ, ಆಮೇಲೆ ಅದೇ ದಿನ ‘ಖ’ವನ್ನೂ ಕೆಲಸ ಮುಗಿದ ಮಿಕ್ಕವನ್ನೂ ಬಿಡುವುದು.

‘ಕ’ 31,000ಕ್ಕೆ ಏರಿಸಿದರೆ? ಇದೇ ಹೆಚ್ಚು ಸಂಭವ, ಇದೇ ಹೆಚ್ಚು ಕಷ್ಟದ್ದು. ಹೊಸ ವಿಷಯವಿಲ್ಲದೆ ಎರಡನೇ ಸಲ ಕೇಳಬೇಡಿ. ‘ಘ’ ಹೆಚ್ಚಿಸಿದ್ದು ಇಲ್ಲಿ ಹೊಸ ವಿಷಯವಾಗುವುದಿಲ್ಲ, ಮಟ್ಟ ಬೇರೆ. 31,000ದಲ್ಲಿ ಮೊದಲ ವರ್ಷ ‘ಕ’ 73,000ಕ್ಕೆ ನಿಲ್ಲುತ್ತದೆ, ಸರ್ಕಾರಿ ಸಾಲ ಮುಗಿದು 23,000 ಬೇಕು, ನಿಮ್ಮ 15,000 ಕಳೆದರೆ ವರ್ಷಕ್ಕೆ 8,000 ಖಾಸಗಿ ಸಾಲ. ಅಷ್ಟನ್ನು ಹೊರಬಹುದೇ ಎಂಬುದು ಶಾಲೆಯ ಜೊತೆಗಿನ ಮಾತಲ್ಲ, ನಿಮ್ಮ ಮನೆಯೊಳಗಿನ ಮಾತು. ಆಗ ನೋಡಬೇಕಾದದ್ದು ಎರಡೂ ಶಾಲೆಗಳ ಉದ್ಯೋಗ ವರದಿ. ಪದವಿ ಮುಗಿದು ಹತ್ತು ತಿಂಗಳಿಗೆ ಯಾರು ಎಲ್ಲಿದ್ದಾರೆ, ದೊಡ್ಡ ಫರ್ಮುಗಳಲ್ಲಿ ಎಷ್ಟು ಜನ, ಸರ್ಕಾರಿ ಕೆಲಸದಲ್ಲಿ ಎಷ್ಟು ಜನ ಎಂಬುದು ಅದರಲ್ಲಿದೆ. ಮೂರು ವರ್ಷಕ್ಕೆ ಐವತ್ತು ಸಾವಿರ ಡಾಲರಿಗೂ ಮಿಕ್ಕ ವ್ಯತ್ಯಾಸಕ್ಕೆ ತಕ್ಕ ಅಂತರ ಅಲ್ಲಿ ಕಾಣದಿದ್ದರೆ ನನ್ನ ಅಭಿಪ್ರಾಯ ‘ಖ’ದ ಕಡೆಗೆ. ರ್‍ಯಾಂಕಿಂಗ್‌ನಲ್ಲಿ ನಾಲ್ಕೈದು ಸ್ಥಾನದ ವ್ಯತ್ಯಾಸಕ್ಕೆ ಅಷ್ಟು ಬೆಲೆ ಕೊಡುವವರನ್ನು ಕಂಡರೆ ನನಗೆ ಈಗಲೂ ಅರ್ಥವಾಗುವುದಿಲ್ಲ.

‘ಕ’ದಿಂದ 15ರವರೆಗೂ ಉತ್ತರವೇ ಬಾರದಿದ್ದರೆ ನೀವು ಹೆದರಿದ ಗಡುವಿನ ಇಕ್ಕಟ್ಟು ಎದುರಾಗುತ್ತದೆ. ‘ಖ’ಕ್ಕೆ ಏಪ್ರಿಲ್ 8ರ ಸುಮಾರಿಗೇ ಬರೆದು ಗಡುವನ್ನು ಒಂದು ವಾರ ಮುಂದೂಡಲು ಕೇಳಿ. ಕೊನೆಯ ದಿನ ಸಂಜೆ ಕೇಳಿದವರಿಗಿಂತ ವಾರ ಮೊದಲು ಕೇಳಿದವರಿಗೆ ಸಿಗುವುದು ಹೆಚ್ಚು, ಒಪ್ಪಿಗೆ ಬರಹದಲ್ಲಿರಲಿ. ಒಪ್ಪದಿದ್ದರೆ 15ರಂದು ‘ಖ’ಕ್ಕೆ ಡೆಪಾಸಿಟ್ ಕಟ್ಟಿಬಿಡಿ. ಅದು ಸಾಮಾನ್ಯವಾಗಿ ಕೆಲವು ನೂರು ಡಾಲರ್, ಬಿಟ್ಟರೆ ವಾಪಸ್ ಬರುವುದಿಲ್ಲ. ಅರ್ಲಿ ಡಿಸಿಷನ್ ಅಲ್ಲದಿದ್ದರೆ, ಸ್ಕಾಲರ್‌ಶಿಪ್ ಪತ್ರದಲ್ಲಿ ‘ಒಪ್ಪಿದ ಮೇಲೆ ಬೇರೆಲ್ಲ ಅರ್ಜಿ ಹಿಂಪಡೆಯುತ್ತೇನೆ’ ಎಂಬ ಕರಾರು ಇಲ್ಲದಿದ್ದರೆ, ಡೆಪಾಸಿಟ್ ಕಟ್ಟಿದ ಮೇಲೂ ‘ಕ’ದ ಉತ್ತರಕ್ಕೆ ಮೇ 1ರವರೆಗೆ ಕಾಯಲು ಅಡ್ಡಿಯಿಲ್ಲ. ಅಂಥ ಕರಾರು ಇದ್ದರೆ ಮಾತ್ರ ಲೆಕ್ಕ ಬೇರೆ. ಸಹಿ ಹಾಕುವ ಮುಂಚೆ ‘ಕ’ದ ಕಚೇರಿಗೆ ಮಗಳು ಒಂದು ಫೋನ್ ಮಾಡಿ ತನ್ನ ಕೋರಿಕೆ ಎಲ್ಲಿಗೆ ಬಂತು ಎಂದು ಕೇಳಲಿ.

ಎರಡು ಕಡೆ ಡೆಪಾಸಿಟ್ ಕಟ್ಟುವುದು ಬೇರೆ ವಿಷಯ, ಅದು ಬೇಡ. ಯಾರು ಎಲ್ಲೆಲ್ಲಿ ಡೆಪಾಸಿಟ್ ಕಟ್ಟಿದ್ದಾರೆ ಎಂಬುದರ ವರದಿ ಎಲ್‌ಎಸ್‌ಎಸಿ ಮೂಲಕ ಶಾಲೆಗಳಿಗೆ ಸಿಗುತ್ತದೆ, ವಸಂತದ ಗಡುವುಗಳೆಲ್ಲ ಮುಗಿದ ಮೇಲೆ ಎರಡು ಕಡೆ ಇರುವವರು ಕಣ್ಣಿಗೆ ಬೀಳುತ್ತಾರೆ. ಒಂದನ್ನು ಬಿಡಿ ಎಂದು ಇಮೇಲ್ ಬರಬಹುದು, ಎರಡು ಕಡೆ ಕಟ್ಟುವುದನ್ನು ನಿಷೇಧಿಸುವ ಶಾಲೆ ಸೀಟನ್ನೇ ರದ್ದು ಮಾಡಬಹುದು. ಹಾಗಾಗಿ ‘ಖ’ಕ್ಕೆ ಕಟ್ಟಿದ ಮೇಲೆ ‘ಕ’ ಒಪ್ಪಿದರೆ ಕ್ರಮ ತುಸು ಬದಲಾಗುತ್ತದೆ: ‘ಕ’ದ ಲಿಖಿತ ಪತ್ರ ಕೈಯಲ್ಲಿರಲಿ, ‘ಖ’ಕ್ಕೆ ಹಿಂಪಡೆಯುವ ಇಮೇಲ್ ಹೋಗಲಿ, ತಕ್ಷಣ ‘ಕ’ಕ್ಕೆ ಡೆಪಾಸಿಟ್. ಎಲ್ಲ ಒಂದೇ ದಿನ, ಕೆಲಸದ ವೇಳೆಯಲ್ಲಿ.

ವೇಯ್ಟ್‌ಲಿಸ್ಟಿನ ‘ಜ’ವನ್ನು ಹಣದ ಮಾತುಕತೆಯೊಳಗೆ ಎಳೆಯಬೇಡಿ. ಡೆಪಾಸಿಟ್ ಗಡುವು ಮುಗಿದ ಮೇಲೆ ಖಾಲಿ ಸೀಟು ತುಂಬಲು ಆ ಪಟ್ಟಿ ತೆರೆಯುತ್ತಾರೆ, ಆಗ ಸ್ಕಾಲರ್‌ಶಿಪ್ ಕಡಿಮೆ ಅಥವಾ ಇಲ್ಲ. ‘ಜ’ ಪೂರ್ತಿ ದುಡ್ಡು ಕೇಳಿದರೂ ಹೋಗುತ್ತೇನೆ ಎಂದು ಮಗಳು ಹೇಳುತ್ತಾಳೆಯೇ? ಇಲ್ಲವಾದರೆ ಇವತ್ತೇ ಆ ಪಟ್ಟಿಯಿಂದ ಹೆಸರು ತೆಗೆಸಲಿ. ಹೌದಾದರೆ ಇರಲಿ, ಆದರೆ ‘ಕ’ದ ಪತ್ರದಲ್ಲಿ ವೇಯ್ಟ್‌ಲಿಸ್ಟುಗಳಿಂದಲೂ ಹೊರಬರಬೇಕು ಎಂದಿದೆಯೇ ಓದಿಕೊಳ್ಳಿ, ಅದೇ ಶಾಲೆಗೆ ಕಟ್ಟುವ ಡೆಪಾಸಿಟ್ಟಿನ ಎರಡನೇ ಕಂತಿನ ಹೊತ್ತಿಗೆ ಕೆಲವರು ಅದನ್ನು ಕೇಳುತ್ತಾರೆ. ‘ಜ’ ಏನಾದರೂ ಯೇಲ್, ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಒಂದಾಗಿದ್ದರೆ ಅಲ್ಲಿ ಅಂಕಕ್ಕೆ ಸ್ಕಾಲರ್‌ಶಿಪ್ ಇಲ್ಲ, ಆರ್ಥಿಕ ಅಗತ್ಯಕ್ಕೆ ಮಾತ್ರ. ಅಲ್ಲಿ ‘ಖ’ದ ಪತ್ರಕ್ಕೆ ಬೆಲೆಯಿಲ್ಲ. ಸುದ್ದಿ ಬಾರದ ಎರಡು ಅರ್ಜಿಗಳಿಗೂ ಇದೇ ಪ್ರಶ್ನೆ ಹಾಕಿ. ಸೀಟು ಸಿಕ್ಕರೂ ‘ಖ’ವನ್ನು ಬಿಟ್ಟು ಅಲ್ಲಿಗೆ ಹೋಗುವುದಿಲ್ಲ ಎಂದಾದರೆ ಓದುವವರ ಸಮಯ ಉಳಿಸಿ.

‘ಚ’, ‘ಛ’ ಬಿಡುವ ಮುನ್ನ ಒಂದು ಅಪವಾದ. ಇವುಗಳಲ್ಲಿ ಯಾವುದಾದರೂ ಶ್ರೇಣಿಯಲ್ಲಿ ‘ಕ’ಕ್ಕಿಂತ ಸ್ಪಷ್ಟವಾಗಿ ಮೇಲಿದ್ದು, ಮಗಳು ಅಲ್ಲಿಗೆ ಹೋಗುವುದೂ ಅಸಾಧ್ಯವಲ್ಲ ಎಂದಾದರೆ ದುಡ್ಡಿಲ್ಲದ ಆ ಸೀಟಿಗೂ ‘ಕ’ದ ಮುಂದೆ ಅಷ್ಟಿಷ್ಟು ತೂಕವಿದೆ.

ಹಿಂಪಡೆಯುವ ಕೆಲಸ ಚಿಕ್ಕದು, ಆದರೆ ತಿರುಗಿ ಬರುವ ದಾರಿ ಇಲ್ಲ ಎಂದೇ ತಿಳಿಯಿರಿ. ‘ಮನಸ್ಸು ಬದಲಾಯಿತು’ ಎಂದು ಬರೆದವರಿಗೆ ಸೀಟು ಮತ್ತೆ ಕೊಟ್ಟ ಉದಾಹರಣೆ ಇರಬಹುದು, ಸ್ಕಾಲರ್‌ಶಿಪ್ ಹಾಗೇ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಮೊದಲು ಪ್ರವೇಶ ಪತ್ರವನ್ನೂ ಸ್ಕಾಲರ್‌ಶಿಪ್ ಪತ್ರವನ್ನೂ ಡೌನ್‌ಲೋಡ್ ಮಾಡಿಡಲಿ, ಹಿಂಪಡೆದ ಮೇಲೆ ಪೋರ್ಟಲ್ ಮುಚ್ಚಿಹೋಗಬಹುದು. ಆಮೇಲೆ ಶಾಲೆಯ ಸ್ಟೇಟಸ್ ಪುಟದಲ್ಲಿ ವಿತ್‌ಡ್ರಾ ಗುಂಡಿ ಇದ್ದರೆ ಅದನ್ನು ಒತ್ತಿ, ಇಲ್ಲದಿದ್ದರೆ ಪ್ರವೇಶ ಕಚೇರಿಗೆ ಹೆಸರು, ಎಲ್‌ಎಸ್‌ಎಸಿ ಸಂಖ್ಯೆ, ‘ನನ್ನ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ, ಅವಕಾಶಕ್ಕೆ ಧನ್ಯವಾದ’ ಎಂದು ಮೂರು ಸಾಲು. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಹೇಳಬೇಕಾದ ಕಟ್ಟುಪಾಡಿಲ್ಲ. ಸಮೀಕ್ಷೆ ಕೇಳಿದರೆ ತುಂಬಬಹುದು, ಬಿಡಬಹುದು. ದೃಢೀಕರಣದ ಇಮೇಲ್ ವಾರದೊಳಗೆ ಬಾರದಿದ್ದರೆ ಮತ್ತೊಮ್ಮೆ ಕೇಳಿ. ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ಈಗ ಹಿಂಪಡೆದದ್ದು ಮುಂದೊಮ್ಮೆ ಅದೇ ಶಾಲೆಗೆ ಅರ್ಜಿ ಹಾಕಿದರೆ ಕಪ್ಪುಚುಕ್ಕೆಯಾಗುವುದಿಲ್ಲ, ಮೊದಲು ಹಾಕಿದ್ದಿರಾ ಎಂದು ಕೇಳಿದಾಗ ಹೌದು ಎಂದರೆ ಸಾಕು.

ಬೆಂಗಳೂರು, ಮೈಸೂರಿನಿಂದ ನೇರವಾಗಿ ಜೆಡಿಗೆ ಅರ್ಜಿ ಹಾಕಿರುವವರು ಇದನ್ನು ಓದುತ್ತಿದ್ದರೆ ಲೆಕ್ಕ ಸ್ವಲ್ಪ ಬೇರೆ. ಅಮೆರಿಕದ ಸರ್ಕಾರಿ ಸಾಲ ಮುಖ್ಯವಾಗಿ ಅಲ್ಲಿನ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇದ್ದವರಿಗೂ, ವಿದ್ಯಾರ್ಥಿ ವೀಸಾದವರಿಗೆ ಇಲ್ಲ, ಹಾಗಾಗಿ ಸ್ಕಾಲರ್‌ಶಿಪ್ ಬಿಟ್ಟು ಮಿಕ್ಕದ್ದೆಲ್ಲ ಕೈಯಿಂದ ಅಥವಾ ಖಾಸಗಿ ಸಾಲದಿಂದ. ವಿದ್ಯಾರ್ಥಿ ವೀಸಾಕ್ಕೆಂದು ಶಾಲೆ ಕೊಡುವ ಐ-20 ಪತ್ರಕ್ಕೆ ಹಣದ ಪುರಾವೆ ಕೊಡಬೇಕು, ಅದು ಬಂದ ಮೇಲೆಯೇ ವೀಸಾ ಸಂದರ್ಶನ. ಆದ್ದರಿಂದ ಜೂನ್‌ವರೆಗೆ ಮಾತುಕತೆ ಎಳೆಯುವ ಅನುಕೂಲ ನಿಮಗಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಒಂದು ಶಾಲೆ ಗಟ್ಟಿಯಾಗಬೇಕು, ಬೇಸಿಗೆಯ ಕೊನೆಯ ವೇಯ್ಟ್‌ಲಿಸ್ಟ್ ಕರೆಯನ್ನು ನಂಬಿಕೊಂಡು ಕೂರುವುದು ಬೇಡ. ಸ್ಕಾಲರ್‌ಶಿಪ್ ಟ್ಯೂಷನ್ನನ್ನೂ ಮೀರಿ ಊಟ ಬಾಡಿಗೆಗೂ ಕೊಡುವಂತಿದ್ದರೆ ಆ ಹೆಚ್ಚುವರಿ ಭಾಗಕ್ಕೆ ತೆರಿಗೆ ಇದೆ, ಎಫ್-1 ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ಶೇ 14 ಹಿಡಿದುಕೊಂಡೇ ಕೊಡುತ್ತಾರೆ.

ನಿಮ್ಮ ಮನೆಗೆ ಈ ವಾರದ ಕೆಲಸ ಇಷ್ಟು: ‘ಚ’, ‘ಛ’ಗೆ ಹಿಂಪಡೆಯುವ ಇಮೇಲ್, ‘ಕ’ಕ್ಕೆ ‘ಖ’ದ ಪತ್ರದೊಂದಿಗೆ ಮರುಪರಿಶೀಲನೆಯ ಕೋರಿಕೆ, ‘ಘ’ಕ್ಕೆ ‘ಗ’ದ ಪತ್ರದೊಂದಿಗೆ ಇನ್ನೊಂದು. ‘ಘ’ದ ಉತ್ತರ ಬಂದ ದಿನ ‘ಗ’ವನ್ನು ಬಿಡಬಹುದು. ‘ಘ’ವನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಬಿಡಿ. ಮನೆಯಿಂದಲೇ ಓಡಾಡಿದರೆ, ಓಡಾಟ ಪುಸ್ತಕಕ್ಕೆಂದು ವರ್ಷಕ್ಕೆ 10,000 ಹಿಡಿದರೂ, ಇದೇ ಶೇ 4ರ ಏರಿಕೆಯಲ್ಲಿ ಮೂರು ವರ್ಷಕ್ಕೆ ಅದು ಸುಮಾರು 87,400 ಡಾಲರಿಗೆ ಮುಗಿಯುತ್ತದೆ. ‘ಖ’ 1,76,800, ಈಗಿನ ಆಫರಿನಲ್ಲಿ ‘ಕ’ 2,46,200. ‘ಕ’ದಲ್ಲೋ ‘ಖ’ದಲ್ಲೋ ಡೆಪಾಸಿಟ್ ಕಟ್ಟಿ, ಸಾಲದ ಕಾಗದ ಕೈಗೆ ಬರುವವರೆಗೆ, ‘ಘ’ದ ಗಡುವು ಇದ್ದಷ್ಟು ದಿನ ಅದು ಊರ್ಜಿತದಲ್ಲಿರಲಿ, ಮಿಕ್ಕ ಅರ್ಜಿಗಳನ್ನು ಹಿಂಪಡೆಯುತ್ತೇನೆ ಎಂದು ಆ ಶಾಲೆಗೆ ಮಾತು ಕೊಟ್ಟಿರದಿದ್ದರೆ ಮಾತ್ರ.